ಗುಲ್‌ಶನ್ ಟೀಚರ್ ಹಾಕಿದ ಓಟು

ವಾರೆನ್, ಮಿಶಿಗನ್
24 ಫೆಬ್ರವರಿ 2025

ಪ್ರೀತಿಯ ಪವಿತ್ರಾ,

ದಾನಿಯಾಳಿಗೆ ಗಂಡುಮಗು ಆದ ಸುದ್ದಿಯನ್ನು ಫೋನಿನಲ್ಲಿ ಕೇಳಿದ್ದೀಯ. ಆದರೂ ಕಾಗದದಲ್ಲಿ ಬರೆಯದೆ ನನಗೆ ಸಮಾಧಾನವಿಲ್ಲ. ಗದಗಿನ ಸರಕಾರಿ ಶಾಲೆಯಲ್ಲಿ ಜೀವಮಾನವೆಲ್ಲ ಕನ್ನಡ ಕಲಿಸಿದವಳ ಚಟ ಎಂದುಕೋ. ನೀನೂ ಕಾಗದದಲ್ಲೇ ಉತ್ತರ ಬರೆ. ಮೈಸೂರಿನಲ್ಲಿ ಕಲಿತ ಅಕ್ಷರ ಕೈತಪ್ಪಿ ಹೋಗಬಾರದು.

ಮಗಳು, ಮೊಮ್ಮಗ ಇಬ್ಬರೂ ಚೆನ್ನಾಗಿದ್ದಾರೆ. ಕೂಸಿಗೆ ನನ್ನ ಯಜಮಾನರ ಹೆಸರನ್ನೇ ಇಟ್ಟಿದ್ದಾರೆ, ಸರ್ದಾರ್ ಎಂದು. ಅಂಗೈಯಗಲದ ಮುಖಕ್ಕೆ ಅಷ್ಟು ದೊಡ್ಡ ಹೆಸರು! ಅಳಿಯ ಬೆಳಗ್ಗೆ ಕಾರು ಕಂಪನಿಗೆ ಹೋದರೆ ಕತ್ತಲಾದ ಮೇಲೆ ಬರುತ್ತಾನೆ. ನಾನು ಅಂಟಿನ ಉಂಡಿ ಕಟ್ಟುತ್ತ, ಕೂಸಿಗೆ ಎಣ್ಣೆ ತಿಕ್ಕುತ್ತ ಇದ್ದೇನೆ. ಫಾಕ್ಸ್ ಹಾಲೋದ ಮನೆಯಲ್ಲಿ ಮಗ ಅದೀಬ್ ಒಬ್ಬನೇ ಏನು ಬೇಯಿಸಿಕೊಂಡು ತಿನ್ನುತ್ತಾನೋ. ನಿನ್ನ ಮನೆಯ ಸಾರು ಆಗಾಗ ಅವನಿಗೆ ಹೋಗುತ್ತಿದೆ ಎಂದು ಗೊತ್ತು.

ನಮ್ಮೂರ ಬೋರ್ಡಿನ ಎಲೆಕ್ಷನ್ನಿನ ಓಟಿನ ಕಾಗದ ಪೋಸ್ಟಿನಲ್ಲಿ ಇಲ್ಲಿಗೇ ಬಂತು. ನಿನ್ನ ಹೆಸರಿನ ಮುಂದಿನ ಸೊನ್ನೆಯನ್ನು ಕಪ್ಪು ಪೆನ್ನಿನಿಂದ ಅಂಚು ದಾಟದಂತೆ ತುಂಬಿ, ಇಂದೇ ವಾಪಸು ಹಾಕಿಸಿದೆ. ಓಟಿನ ಲಿಸ್ಟಿಗೆ ಹೆಸರು ಸೇರಿಸಲು ಲೈಬ್ರರಿಯಲ್ಲಿ ನೀನು ಟೇಬಲ್ ಹಾಕಿಕೊಂಡು ಕೂತ ದಿನ ನಾನು ಹಿಂಜರಿದದ್ದು ನೆನಪಾಗಿ ನಗು ಬಂತು. "ಏ ಪವಿ, ನಾ ಇನ್ನೂ ಸಿಟಿಜನ್ ಆಗಿಲ್ಲ. ನನಗೆಲ್ಲಿ ಓಟು?" ಎಂದೆ. ನೀನು, "ಟೀಚರ್, ಅದೆಲ್ಲಾ ಪ್ರೆಸಿಡೆಂಟ್ ಎಲೆಕ್ಷನ್‌ಗೆ. ಲೋಕಲ್‌ಗೆ ಗ್ರೀನ್ ಕಾರ್ಡ್ ಸಾಕು. ಶಿಕಾಗೋಲಿ ಸ್ಕೂಲ್ ಕೌನ್ಸಿಲ್‌ಗೆ ಎಲ್ಲಾರೂ ಹಾಕ್ತಾರಲ್ಲ," ಎಂದೆ. ನೀನೇ ಫಾರಂ ತುಂಬಿದೆ. ನಾನು ಸಹಿ ಹಾಕಿದೆ.

ನಿನ್ನ ಅತ್ತೆಗಾಗಿ ಹಾಕಿದ ಓಟು ಅದು. ಜಯದೇವಿಯವರಿಗೂ ನನಗೂ ಕಾರು ಬಾರದು, ಇಂಗ್ಲಿಷು ಅಷ್ಟಕ್ಕಷ್ಟೆ. ಇದ್ದದ್ದು ನಾಲ್ಕು ಕಾಲು, ಬೆಳಗಿನ ಒಂದು ವಾಕಿಂಗು. ರಸ್ತೆಗೆ ಫುಟ್‌ಪಾತ್ ಇಲ್ಲ, ಅಂಚಿನ ತುಂಬ ಹಿಮದ ಗುಡ್ಡೆ. ನನಗೆ ಜ್ವರ ಬಂದ ದಿನ ಅವರು ಒಬ್ಬರೇ ಹೋದರು. ಆ ಟ್ರಕ್ಕಿನವನು ನೋಡಲಿಲ್ಲವಂತೆ. ಮಗ ದಿನೇಶ್ ಮನೆಯಲ್ಲಿ ಆರು ತಿಂಗಳು ಇದ್ದು ಹೋಗುತ್ತೇನೆಂದು ಬಂದ ಹೆಂಗಸು.

ನೀನು ಗೆಲ್ಲಬೇಕು, ಆ ರಸ್ತೆಗೆ ಫುಟ್‌ಪಾತ್ ಆಗಬೇಕು.

ನಿನ್ನ,
ಗುಲ್‌ಶನ್ ಟೀಚರ್

*

ಫಾಕ್ಸ್ ಹಾಲೋ, ಇಲಿನಾಯ್
6 ಏಪ್ರಿಲ್ 2025

ಪ್ರೀತಿಯ ಟೀಚರ್,

ಗೆದ್ದೆ! ಅದೀಬ್ ಹೇಳಿರುತ್ತಾನೆ. ನಮ್ಮ ವಿಲೇಜ್ ಬೋರ್ಡಿನಲ್ಲಿ ಖಾಲಿಯಿದ್ದದ್ದು ಮೂರು ಸೀಟು, ನನಗೆ ಬಂದದ್ದು ಮೂರನೆಯದು, ಅದೂ ಕೂದಲೆಳೆಯಲ್ಲಿ, ನಾಲ್ಕೇ ಓಟಿನಿಂದ. ಪಿಜ್ಜಾ ಅಂಗಡಿಯ ಹಿಂದಿನ ಕೋಣೆಯಲ್ಲಿ ಎಲ್ಲರೂ ಫೋನ್ ಹಿಡಿದು ಕೂತಿದ್ದೆವು. ಕೌಂಟಿಯವರು ನಂಬರ್ ಹಾಕಿದಾಗ ಯಾರಿಗೂ ಅರ್ಥವಾಗಲಿಲ್ಲ. ದಿನೇಶ್ ಮಾತ್ರ ಎದ್ದು ಹೊರಗೆ ಹೋದರು. ಹೋಗಿ ನೋಡಿದರೆ ಪಾರ್ಕಿಂಗಿನಲ್ಲಿ ಕಾರಿಗೆ ಒರಗಿ ಅಳುತ್ತಿದ್ದರು. "ಅಮ್ಮ ಇರ್ಬೇಕಿತ್ತು ಪವಿ" ಎಂದರು. ಅಮ್ಮ ಇದ್ದಿದ್ದರೆ ನಾನು ನಿಲ್ಲುತ್ತಲೇ ಇರಲಿಲ್ಲವಲ್ಲ ಎಂದುಕೊಂಡೆ.

ಎಲ್ಲವೂ ಸಂತೋಷದ ಮಾತಲ್ಲ. ಕೊನೆಯ ವಾರ ಮನೆಮನೆಗೂ ಒಂದು ಕಾರ್ಡ್ ಬಂತು, ಹೆಸರಿಲ್ಲದ್ದು. ನನ್ನ ಫೋಟೋ, ಅದರ ಕೆಳಗೆ "ಈ ಊರು ಯಾರದು?" ಎಂದು. ನಾವಿಬ್ಬರೂ ಮನೆಮನೆಗೆ ಹೋಗಿದ್ದಾಗ ಬಾಗಿಲು ತೆರೆದು ನಿಮಗೆ ಕುರ್ಚಿ ಕೊಟ್ಟ ಮುದುಕರು ಆ ಕಾರ್ಡನ್ನು ತಂದು ನನ್ನ ಕೈಗೇ ಕೊಟ್ಟು ಸಾರಿ ಹೇಳಿದರು. ಸೋತವರು ಇನ್ನೂ ಸುಮ್ಮನಾಗಿಲ್ಲ, ಓಟಿನ ಲಿಸ್ಟ್ ನೋಡಬೇಕು ಅನ್ನುತ್ತಿದ್ದಾರಂತೆ.

ಇರಲಿ. ಫುಟ್‌ಪಾತಿನ ಪ್ರಸ್ತಾವವನ್ನು ನಾನು ಬಿಡುವುದಿಲ್ಲ. ಗೆಲ್ಲಿಸಿದ ಆ ನಾಲ್ಕು ಓಟುಗಳಲ್ಲಿ ನಿಮ್ಮದೂ ಒಂದು.

ಸರ್ದಾರ್ ಸಾಹೇಬರಿಗೆ ಮುತ್ತು. ಬೇಗ ವಾಪಸು ಬನ್ನಿ. ಈದ್‌ಗೆ ನೀವಿಲ್ಲದೆ ಶೀರ್ ಖುರ್ಮಾ ಇಲ್ಲದೇ ಹೋಯಿತು.

ನಿಮ್ಮ ಪವಿ

*

ವಾರೆನ್
19 ಸೆಪ್ಟೆಂಬರ್ 2025

ಪ್ರೀತಿಯ ಪವಿತ್ರಾ,

ದಾನಿಯಾ ಕೆಲಸಕ್ಕೆ ಹೋಗತೊಡಗಿದ ಮೇಲೆ ಕೂಸನ್ನು ಬಿಟ್ಟು ಬರಲಾಗದೆ ಇಲ್ಲೇ ಉಳಿದೆ. ಅಂಬೆಗಾಲಿಡುತ್ತಾನೆ, ನನ್ನ ಸೆರಗು ಕಂಡರೆ ಬಿಡುವುದಿಲ್ಲ. ಆದರೆ ಇವತ್ತು ಬರೆಯುತ್ತಿರುವುದು ಆ ಸುದ್ದಿಗಲ್ಲ.

ಸಿಟಿಜನ್‌ಶಿಪ್ ಇಂಟರ್‌ವ್ಯೂಗೆ ಶಿಕಾಗೋಗೆ ಬಂದು ಹೋದೆ. ನಿನ್ನನ್ನು ನೋಡದೆ ಹಿಂದಿರುಗಿದ್ದಕ್ಕೆ ಬೇಸರಿಸಬೇಡ. ಆ ಕಟ್ಟಡದಿಂದ ಹೊರಬಿದ್ದ ಮೇಲೆ ಯಾರ ಮುಖವನ್ನೂ ನೋಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಆಫೀಸರು ನನ್ನ ದಾನಿಯಾಳ ವಯಸ್ಸಿನ ಹುಡುಗಿ. ತುಂಬ ಮರ್ಯಾದೆಯಿಂದ ಮಾತಾಡಿಸಿದಳು. ಇಂಗ್ಲಿಷಿನಲ್ಲಿ ಒಂದು ವಾಕ್ಯ ಓದಿಸಿದಳು, ಒಂದು ಬರೆಸಿದಳು. ನನ್ನ ಅಕ್ಷರ ನೋಡಿ "ಬ್ಯೂಟಿಫುಲ್" ಎಂದಳು. ಟೀಚರ್ ಆಗಿದ್ದೆ ಎಂದೆ. ಅವಳ ಅಮ್ಮನೂ ಟೀಚರಂತೆ. ಆಮೇಲೆ ಪ್ರಶ್ನೆಗಳು. ಜೈಲಿಗೆ ಹೋಗಿದ್ದೀರಾ, ಯಾರನ್ನಾದರೂ ಹೊಡೆದಿದ್ದೀರಾ ಎಂದೆಲ್ಲ. ಇಲ್ಲ, ಇಲ್ಲ ಎನ್ನುತ್ತ ಹೋದೆ. ಈ ದೇಶದಲ್ಲಿ ಯಾವುದಾದರೂ ಎಲೆಕ್ಷನ್‌ನಲ್ಲಿ ಓಟು ಹಾಕಿದ್ದೀರಾ ಎಂದು ಕೇಳಿದಳು. ಎಲ್ಲದಕ್ಕೂ ಇಲ್ಲ ಎಂದು ಹೇಳಿ ಸಾಕಾಗಿದ್ದವಳಿಗೆ, ಹೌದು ಎನ್ನಲು ಒಂದು ಒಳ್ಳೆಯ ವಿಷಯ ಸಿಕ್ಕಿತಲ್ಲ ಎಂದು ಹುರುಪಾಯಿತು. "ಎಸ್! ಏಪ್ರಿಲ್‌ನಲ್ಲಿ. ನಮ್ಮ ಹುಡುಗಿ ಗೆದ್ದಳು," ಎಂದೆ.

ಅವಳು ಪೆನ್ನು ಕೆಳಗಿಟ್ಟಳು. ಅದೇ ಪ್ರಶ್ನೆಯನ್ನು ಮತ್ತೊಮ್ಮೆ, ನಿಧಾನವಾಗಿ ಕೇಳಿದಳು. ನನಗೆ ಅರ್ಥವಾಗಿಲ್ಲವೇನೋ ಎಂಬಂತೆ. ಈಗ ಯೋಚಿಸಿದರೆ, ಇಲ್ಲ ಅನ್ನಲಿ ಎಂದು ಅವಳೇ ನನಗೊಂದು ಅವಕಾಶ ಕೊಟ್ಟಳೇನೋ ಅನ್ನಿಸುತ್ತದೆ. ನಾನು ಮತ್ತೆ ಎಸ್ ಎಂದೆ. ಅವಳು ಹೊರಗೆ ಹೋಗಿ ದೊಡ್ಡ ಆಫೀಸರನ್ನು ಕರೆತಂದಳು. ಆಮೇಲೆ ಅವಳು ನನ್ನ ಮುಖ ನೋಡಲಿಲ್ಲ.

ಸಿಟಿಜನ್ ಅಲ್ಲದವರು ಯಾವ ಓಟೂ ಹಾಕುವಂತಿಲ್ಲವಂತೆ ಪವಿತ್ರಾ. ಹಾಕಿದರೆ ದೇಶದಿಂದ ಹೊರಗೆ ಕಳಿಸಬಹುದಂತೆ. ಫಾರಂನಲ್ಲಿ "ನಾನು ಸಿಟಿಜನ್" ಎಂಬ ಕಡೆ ಟಿಕ್ ಇದೆಯಂತೆ, ಕೆಳಗೆ ನನ್ನ ಸಹಿ. ಅದೀಬ್ ಕಾರಿನಲ್ಲಿ ನನ್ನನ್ನು ಕರೆದುಕೊಂಡು ಮಿಶಿಗನ್ ಮುಟ್ಟಿದ. ಆಮೇಲೆ ಗಾಡಿ ಒಂದು ಎಗ್ಸಿಟ್‌ನಲ್ಲಿ ಇಳಿಸಿ, ಗ್ಯಾಸ್ ಸ್ಟೇಷನ್ನಿನಲ್ಲಿ ನಿಲ್ಲಿಸಿ, "ಅಮ್ಮಾ, ಸಹಿ ಮಾಡೂಕಿಂತ ಮೊದ್ಲ ನನ್ನ ಒಂದ್ಮಾತು ಕೇಳಬಾರದಿತ್ತೇನ?" ಎಂದ. ಅಷ್ಟೇ.

ನಿನಗೆ ಹೇಳದೆ ಇನ್ನಾರಿಗೆ ಹೇಳಲಿ.

ನಿನ್ನ,
ಗುಲ್‌ಶನ್ ಟೀಚರ್

*

ಫಾಕ್ಸ್ ಹಾಲೋ
27 ಅಕ್ಟೋಬರ್ 2025

ಪ್ರೀತಿಯ ಟೀಚರ್,

ಉತ್ತರ ತಡವಾಯಿತು, ಕ್ಷಮಿಸಿ. ನಿಮ್ಮ ಪತ್ರ ಓದಿ ನಮಗಿಬ್ಬರಿಗೂ ತುಂಬಾ ಬೇಜಾರಾಯಿತು. ಎಲ್ಲಿ ಏನು ತಪ್ಪಾಯಿತೋ ಗೊತ್ತಾಗುತ್ತಿಲ್ಲ. ಆ ದಿನ ಲೈಬ್ರರಿಯಲ್ಲಿ ಟೇಬಲ್ ಹತ್ತಿರ ಬಹಳ ಜನ ಇದ್ದರು, ವಾಲಂಟಿಯರ್‌ಗಳೂ ಇದ್ದರು. ಯಾರು ಯಾರಿಗೆ ಏನು ಹೇಳಿದರು ಎಂದು ನನಗೆ ಸರಿಯಾಗಿ ನೆನಪಾಗುತ್ತಿಲ್ಲ.

ಒಳ್ಳೆಯ ಲಾಯರನ್ನು ನೋಡುವುದು ಮುಖ್ಯ. ಲಿಸ್ಲ್ ಊರಿನಲ್ಲಿ ನಿರಂಜನ್ ಅಂತ ಇದ್ದಾರೆ, ನಮ್ಮ ಹಾಸನದ ಕಡೆಯವರು, ಇಮಿಗ್ರೇಶನ್ ಕೇಸುಗಳನ್ನೇ ನೋಡುವುದು. ನಂಬರ್ ಕೆಳಗಿದೆ. ನಿಮ್ಮ ವಯಸ್ಸು, ಉದ್ಯೋಗ ಎಲ್ಲ ನೋಡಿ ಖಂಡಿತ ಬಿಟ್ಟುಬಿಡುತ್ತಾರೆ ಎಂದು ದಿನೇಶ್ ಹೇಳುತ್ತಾರೆ.

ಒಂದು ವಿನಂತಿ. ಈ ವಿಷಯವನ್ನು ಸದ್ಯಕ್ಕೆ ಫೋನ್ ಮೆಸೇಜಿನಲ್ಲಿ ಯಾರಿಗೂ ಬರೆಯಬೇಡಿ. ಫುಟ್‌ಪಾತಿನ ಪ್ರಸ್ತಾವ ಡಿಸೆಂಬರ್ ಮೀಟಿಂಗಿಗೆ ಬರುತ್ತಿದೆ. ಈ ಹೊತ್ತಿನಲ್ಲಿ ಇದು ಹೊರಗೆ ಬಂದರೆ ಎಲ್ಲ ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ. ನಿಮಗಿಂತ ಚೆನ್ನಾಗಿ ಇದು ಯಾರಿಗೆ ಅರ್ಥವಾಗುತ್ತದೆ?

ಧೈರ್ಯವಾಗಿರಿ.

ಪವಿತ್ರ

*

ವಾರೆನ್
30 ನವೆಂಬರ್ 2025

ಪವಿತ್ರಾ,

ಕೋರ್ಟಿನ ನೋಟೀಸು ಬಂತು. ನಾನು ಇಲ್ಲಿರುವುದರಿಂದ ಡೆಟ್ರಾಯಿಟ್‌ನಲ್ಲೇ ವಿಚಾರಣೆ. ನಿರಂಜನ್ ಒಳ್ಳೆಯವರು, ಸುಳ್ಳು ಆಸೆ ತೋರಿಸುವವರಲ್ಲ.

ಅದೀಬ್ ನಿಮ್ಮ ಮನೆಗೆ ಬಂದಿದ್ದನಂತೆ. ನಾನು ಕಳಿಸಿರಲಿಲ್ಲ, ತಿಳಿದಿದ್ದರೆ ತಡೆಯುತ್ತಿದ್ದೆ. ಅವನು ನನಗೆ ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ತಪ್ಪಿದ್ದರೆ ತಿದ್ದು.

"ಪವಿತ್ರಕ್ಕಾ, ಒಂದ ಪೇಜ್ ಸಾಕು. ನೀವು ಹೇಳಿದ್ರಿ, ಅಮ್ಮ ನಂಬಿದ್ಳು, ಅಷ್ಟ ಬರದುಕೊಡ್ರಿ. ಸರಕಾರಿ ಲಾಯರ್‌ಗೆ ತೋರಿಸಿ ಕೇಳ್ಕೋತೇವಿ ಅಂತ ನಿರಂಜನ್ ಸರ್ ಅಂದಾರ," ಎಂದನಂತೆ. ನೀನು ದಿನೇಶ್ ಕಡೆ ನೋಡಿದೆಯಂತೆ. ದಿನೇಶ್, "ಅದೀಬ್, ನಮ್ಮ ಲಾಯರ್ ಸ್ಟ್ರಿಕ್ಟ್ ಆಗಿ ಬೇಡ ಅಂದಿದಾರಪ್ಪ. ಇವಳ ಮೇಲೇ ಕೇಸ್ ಆಗ್ಬಹುದು. ಸೀಟ್ ಹೋಗತ್ತೆ, ಕೆಲಸಾನೂ ಹೋಗ್ಬಹುದು. ಆಮೇಲೆ ಅಮ್ಮನ ರೋಡಿಗೆ ಯಾರಿದಾರೆ?" ಎಂದರಂತೆ. ಅದೀಬ್, "ನಿಮ್ಮಮ್ಮ ಹೋಗ್ಯಾರ ಅಣ್ಣಾ. ನಮ್ಮಮ್ಮ ಇನ್ನೂ ಇದ್ದಾಳ," ಎಂದು ಎದ್ದು ಬಂದನಂತೆ.

ಹಾಗೆ ಮಾತಾಡಬಾರದಿತ್ತು. ಅವನ ಪರವಾಗಿ ಕ್ಷಮೆ ಕೇಳುತ್ತೇನೆ, ದಿನೇಶ್‌ಗೂ ಹೇಳು.

ನಿನ್ನ ಹಿಂದಿನ ಪತ್ರದಲ್ಲಿ ನೆನಪಾಗುತ್ತಿಲ್ಲ ಎಂದು ಬರೆದಿದ್ದೆ. ಅದನ್ನು ಬಹಳ ಸಲ ಓದಿದೆ. ಮಕ್ಕಳು ಹೋಂವರ್ಕ್ ಮಾಡದೆ ಬಂದಾಗ ಮುಖ ಹೇಗಿರುತ್ತದೆ ಎಂದು ನನಗೆ ಗೊತ್ತು. ಪತ್ರದಲ್ಲಿ ಮುಖ ಕಾಣುವುದಿಲ್ಲ. ಅದೇ ಒಳ್ಳೆಯದಾಯಿತು.

ನಾನು ನಿನ್ನನ್ನು ಏನನ್ನೂ ಕೇಳುತ್ತಿಲ್ಲ.

ಗುಲ್‌ಶನ್

*

ಫಾಕ್ಸ್ ಹಾಲೋ
18 ಡಿಸೆಂಬರ್ 2025

ಪ್ರೀತಿಯ ಟೀಚರ್,

ಈ ಪತ್ರದ ಜೊತೆ ಒಂದು ಸರ್ಟಿಫಿಕೇಟ್ ಇದೆ. ವಿಲೇಜಿನ ಲೆಟರ್‌ಹೆಡ್ ಬಳಸುವಂತಿಲ್ಲ, ಅದಕ್ಕೆ ಬಿಳಿ ಹಾಳೆಯಲ್ಲೇ ಬರೆದಿದ್ದೇನೆ. ನೀವು ಸದ್ಗುಣಿ, ಕಾನೂನಿಗೆ ಗೌರವ ಕೊಡುವವರು, ಇಷ್ಟು ವರ್ಷಗಳಿಂದ ನನಗೆ ಪರಿಚಿತರು ಎಂದು. ನಮ್ಮ ಲಾಯರ್ ನೋಡಿ ಸರಿಯಿದೆ ಎಂದಿದ್ದಾರೆ. ಇಷ್ಟು ಮಾತ್ರ ನನ್ನಿಂದ ಸಾಧ್ಯವಾಯಿತು.

ಮೀಟಿಂಗ್ ನಿನ್ನೆ ಆಯಿತು. ಫುಟ್‌ಪಾತಿನ ಪ್ರಸ್ತಾವವನ್ನು ಮುಂದಿನ ವರ್ಷದ ಬಜೆಟ್ಟಿಗೆ ಮುಂದೂಡಿದರು. ನನ್ನ ಕಡೆ ಕೈ ಎತ್ತಿದ್ದು ನಾನೊಬ್ಬಳೇ. ಮನೆಗೆ ಬಂದು ದಿನೇಶ್‌ಗೆ ಹೇಳಿದೆ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಲೇ ಇದ್ದರು.

ಅದೀಬ್ ಈಗ ಅಂಗಡಿಯಲ್ಲಿ ಎದುರು ಸಿಕ್ಕರೂ ತಲೆ ತಗ್ಗಿಸಿಕೊಂಡು ಹೋಗುತ್ತಾನೆ. ಕಳಿಸಿದ ಸಾರಿನ ಡಬ್ಬಿ ಬಾಗಿಲಲ್ಲೇ ಇತ್ತು, ಹಾಗೇ ತಂದೆ.

ನೀವು ನನ್ನ ಮೇಲೆ ಕೋಪಿಸಿಕೊಂಡು ಬೈದು ಬರೆದಿದ್ದರೆ ಚೆನ್ನಾಗಿತ್ತು.

ಪವಿ

*

ವಾರೆನ್
23 ಜನವರಿ 2026

ಪವಿತ್ರಾ,

ಕೋರ್ಟು ಎಂದರೆ ಕಟಕಟೆ, ಕರಿಕೋಟು ಎಂದು ನಾನು ಕಲ್ಪಿಸಿಕೊಂಡಿದ್ದೆ. ಅದೊಂದು ಸಣ್ಣ ಕೋಣೆ, ನಮ್ಮ ಶಾಲೆಯ ಸ್ಟಾಫ್ ರೂಮಿನಷ್ಟು. ಬೆಂಚಿನ ತುಂಬ ನನ್ನಂಥವರು, ಕೆಲವರ ಮಡಿಲಲ್ಲಿ ಮಕ್ಕಳು. ಕನ್ನಡಕ್ಕೆ ಭಾಷಾಂತರ ಮಾಡುವ ಹೆಣ್ಣುಮಗಳು ಬೇರೆಲ್ಲೋ ಇದ್ದಳು, ಫೋನಿನಲ್ಲಿ ಅವಳ ದನಿ ಮಾತ್ರ ಬರುತ್ತಿತ್ತು. ಮಂಗಳೂರಿನ ಕಡೆಯ ಕನ್ನಡ. "ಅಮ್ಮಾ, ಪ್ರಮಾಣ ಮಾಡಿ ನಿಜವನ್ನೇ ಹೇಳ್ತೀರಾ ಅಂತ ಜಡ್ಜ್ ಕೇಳ್ತಾ ಇದ್ದಾರೆ" ಎಂದಳು. ಆ "ಅಮ್ಮಾ" ಜಡ್ಜ್ ಹೇಳಿದ್ದಲ್ಲ, ಅವಳೇ ಸೇರಿಸಿದ್ದು. ನಾನು ಕೈ ಎತ್ತಿ ಪ್ರಮಾಣ ಮಾಡಿದೆ.

ನಿನಗೆ ಇದನ್ನು ನಾನೇ ಹೇಳಬೇಕು, ಬೇರೆಯವರಿಂದ ಕೇಳಬಾರದು. ನಾನು ನಿನ್ನ ಹೆಸರು ಹೇಳಿದೆ.

ಓಟು ಹಾಕಬಾರದೆಂದು ಗೊತ್ತಿರಲಿಲ್ಲವೆ ಎಂದರು. ಗೊತ್ತಿರಲಿಲ್ಲ, ಹಾಕಬಹುದೆಂದು ಪವಿತ್ರ ಹೇಳಿದಳು, ಅವಳೇ ಫಾರಂ ತುಂಬಿದಳು ಎಂದೆ. ನಿನ್ನನ್ನು ಉಳಿಸಲು ಒಂದು ಸುಳ್ಳು ಹೇಳಬೇಕೆಂದು ಹಿಂದಿನ ದಿನವೆಲ್ಲ ಯೋಚಿಸಿದ್ದೆ. ಪ್ರಮಾಣ ಮಾಡಿದ ಮೇಲೆ ನಾಲಿಗೆ ತಿರುಗಲಿಲ್ಲ. ಫೋನಿನಲ್ಲಿ ಆ ಹೆಣ್ಣುಮಗಳು ನನ್ನ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದಳು. ನಿನ್ನ ಹೆಸರನ್ನು ಎರಡು ಸಲ ಹೇಳಿದಳು. ಜಡ್ಜ್ ತಲೆ ಎತ್ತಲಿಲ್ಲ. ಯಾರು ಹೇಳಿದರು ಎಂಬುದು ಈ ಕೋರ್ಟಿನ ಮುಂದಿರುವ ಪ್ರಶ್ನೆಯಲ್ಲ, ಹಾಕಿದರೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ ಎಂದರು. ಯಾರೂ ನಿನ್ನ ಹೆಸರನ್ನು ಬರೆದುಕೊಂಡಂತೆ ಕಾಣಲಿಲ್ಲ.

ಕೇಸು ನಡೆಸಬಹುದು, ವರ್ಷಗಟ್ಟಲೆ ಹಿಡಿಯಬಹುದು, ಈಗಿನ ದಿನಗಳಲ್ಲಿ ನಡುವೆ ಹಿಡಿದು ಒಳಗೂ ಹಾಕಬಹುದು ಎಂದು ನಿರಂಜನ್ ಹೇಳಿದರು. ಇಲ್ಲವೆ ನಾವಾಗಿಯೇ ಹೊರಟುಹೋಗುತ್ತೇವೆಂದು ಒಪ್ಪಿಕೊಳ್ಳಬಹುದು. ಒಪ್ಪಿ ಸಹಿ ಹಾಕಿದೆ. ಈ ಸಲ ನಿರಂಜನ್ ಪ್ರತಿ ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿದರು. ಏಪ್ರಿಲ್‌ನಲ್ಲಿ ಹೊರಡುತ್ತೇನೆ. ಮತ್ತೆ ಈ ದೇಶಕ್ಕೆ ಬರಲು ಬಹುಶಃ ಬಿಡುವುದಿಲ್ಲ.

ದಾನಿಯಾ ಅಳುವುದನ್ನು ಬಿಟ್ಟು ಡೇಕೇರ್ ಹುಡುಕುತ್ತಿದ್ದಾಳೆ.

ಗುಲ್‌ಶನ್

*

ಫಾಕ್ಸ್ ಹಾಲೋ
2 ಫೆಬ್ರವರಿ 2026

ಟೀಚರ್,

ನಿಮ್ಮ ಪತ್ರ ಬಂದ ದಿನವೇ ಕೂತು, ಅದೀಬ್ ಕೇಳಿದ್ದ ಆ ಹೇಳಿಕೆಯನ್ನು ಬರೆದೆ. ಲಾಯರಿಗೆ ತೋರಿಸಲಿಲ್ಲ, ದಿನೇಶ್‌ಗೂ ತೋರಿಸಲಿಲ್ಲ. ಲೈಬ್ರರಿ, ಟೇಬಲ್, ನೀವು ಕೇಳಿದ್ದು, ನಾನು ಹೇಳಿದ್ದು, ಟಿಕ್ ಹಾಕಿದ್ದು, ಎಲ್ಲ. ಮರೆತೇ ಇರಲಿಲ್ಲ ಟೀಚರ್. ಸ್ಕೂಲ್ ಕೌನ್ಸಿಲ್ ವಿಷಯ ಯಾರೋ ಹೇಳಿದ್ದನ್ನು ಕೇಳಿಕೊಂಡು, ಎಲ್ಲ ಲೋಕಲ್ ಎಲೆಕ್ಷನ್ನಿಗೂ ಹಾಗೇ ಅಂದುಕೊಂಡೆ. ಒಂದು ಓಟು ಹೆಚ್ಚಾಗಲಿ ಅನ್ನುವ ಅವಸರ. ಸಹಿ ಹಾಕಿ ಲಿಸ್ಲ್‌ಗೆ ಡ್ರೈವ್ ಮಾಡಿಕೊಂಡು ಹೋಗಿ ನಿರಂಜನ್ ಮೇಜಿನ ಮೇಲಿಟ್ಟೆ.

ಅವರು ಪೂರ್ತಿ ಓದಿದರು. ಮಡಿಸಿ ನನ್ನ ಕಡೆಗೇ ತಳ್ಳಿದರು. "ಈಗ ಬೇಡ ಮೇಡಂ. ಅವರು ಒಪ್ಕೊಂಡು ಸೈನ್ ಮಾಡಾಯ್ತು."

"ಮೊದ್ಲೇ ಕೊಟ್ಟಿದ್ರೆ?" ಎಂದೆ.

"ಅದನ್ನ ನನ್ನ ಕೇಳ್ಬೇಡಿ," ಎಂದರು.

ಆಗುತ್ತಿತ್ತು ಎಂದಿದ್ದರೂ ಸರಿ, ಆಗುತ್ತಿರಲಿಲ್ಲ ಎಂದಿದ್ದರೂ ಸರಿಯಿತ್ತು. ಅವರು ಎದ್ದು ಬಾಗಿಲು ತೆಗೆದು ನಿಂತರು.

ಒಂದು ಸಲ ವಾರೆನ್‌ಗೆ ಬರಲೇ? ಹೊರಡುವ ಮೊದಲು ನಿಮ್ಮನ್ನು ನೋಡಬೇಕು. ಬಾ ಎಂದು ಒಂದು ಸಾಲು ಬರೆಯಿರಿ.

ನಿಮ್ಮ ಪವಿ

*

ಫಾಕ್ಸ್ ಹಾಲೋ
11 ಮೇ 2026

ಟೀಚರ್,

ಫೆಬ್ರವರಿಯ ನನ್ನ ಪತ್ರಕ್ಕೆ ಉತ್ತರ ಬರಲಿಲ್ಲ. ಬರುವುದೆಂದು ಕಾಯುತ್ತಿದ್ದೆ, ಅಷ್ಟರಲ್ಲಿ ನೀವು ಹೋಗಿಬಿಟ್ಟಿರಿ. ಗದಗಿನ ವಿಳಾಸವನ್ನು ದಾನಿಯಾ ಕೊಟ್ಟಳು, ಕೊಡಲು ಅವಳಿಗೆ ಮನಸ್ಸಿರಲಿಲ್ಲ.

ನಾನು ಬೋರ್ಡಿಗೆ ರಾಜೀನಾಮೆ ಕೊಟ್ಟೆ. ಕಾರಣ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಆ ಹೆಸರಿಲ್ಲದ ಕಾರ್ಡ್ ಹಂಚಿದವರೆಂದು ಊರೇ ಹೇಳುವವರಲ್ಲೊಬ್ಬರು ನನ್ನ ಜಾಗಕ್ಕೆ ಬರುತ್ತಾರೆ ಎಂದು ಕೇಳಿದೆ. ದಿನೇಶ್‌ಗೂ ನನಗೂ ಮಾತು ಕಡಿಮೆಯಾಗಿದೆ. ಜಗಳವೇನಿಲ್ಲ.

ಜುಲೈನಲ್ಲಿ ಮೈಸೂರಿಗೆ ಬರುತ್ತಿದ್ದೇನೆ. ಅಲ್ಲಿಂದ ರೈಲಿನಲ್ಲಿ ಗದಗಿಗೆ ಬಂದು ನಿಮ್ಮನ್ನು ನೋಡಿಕೊಂಡು ಹೋಗುತ್ತೇನೆ. ಬೇಡ ಅನ್ನಬೇಡಿ.

ಪವಿ

*

ಗದಗ
14 ಜೂನ್ 2026

ಪವಿತ್ರಾ,

ಪತ್ರ ತಲುಪಿತು. ತಂಗಿಯ ಮನೆಯ ಮೇಲಿನ ಕೋಣೆಯಲ್ಲಿದ್ದೇನೆ. ಬಿಸಿಲು ಇಳಿದಿಲ್ಲ, ಮಳೆ ಇನ್ನೂ ಮೋಡದಲ್ಲೇ ಇದೆ. ಯಾಕೆ ವಾಪಸು ಬಂದೆ ಎಂದು ಓಣಿಯವರು ಕೇಳಿದರೆ ಅಲ್ಲಿಯ ಚಳಿ ಒಗ್ಗಲಿಲ್ಲ ಎನ್ನುತ್ತೇನೆ. ಜಡ್ಜ್ ಮುಂದೆ ಬಾರದ ಸುಳ್ಳು ಇವರ ಮುಂದೆ ಸಲೀಸಾಗಿ ಬರುತ್ತದೆ.

ದಾನಿಯಾ ದಿನವೂ ವಿಡಿಯೋ ಕಾಲ್ ಮಾಡುತ್ತಾಳೆ. ಮೊದಮೊದಲು ಕೂಸು ನನ್ನ ದನಿ ಕೇಳಿ ಫೋನನ್ನು ತಿರುಗಿಸಿ ಹಿಂದೆ ನೋಡುತ್ತಿತ್ತು, ನಾನು ಅಲ್ಲಿ ಅಡಗಿದ್ದೇನೆಂದು. ನಾವೆಲ್ಲ ನಗುತ್ತಿದ್ದೆವು. ಈಗ ತಿರುಗಿಸುವುದಿಲ್ಲ. ಒಂದು ಸಲ ನೋಡಿ ಆಟಕ್ಕೆ ಹೋಗುತ್ತಾನೆ.

ನೀನು ಕೆಟ್ಟವಳೆಂದು ನಾನು ಅಂದುಕೊಂಡಿಲ್ಲ. ಅಂದುಕೊಳ್ಳಲಾಗಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಹೆದರಿದೆ. ನಿನ್ನ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆನೋ, ನಿಜವಾಗಿ ಗೊತ್ತಿಲ್ಲ. ಫೆಬ್ರವರಿಯಲ್ಲಿ ನೀನು ಬರೆದುಕೊಟ್ಟದ್ದು ಒಳ್ಳೆಯದಾಯಿತು. ಅದು ನನ್ನ ಕೆಲಸಕ್ಕೆ ಬರದಿದ್ದರೂ ನಿನಗೆ ಬೇಕಾಗಿತ್ತು.

ಇಲ್ಲಿಗೆ ಬರುವ ಮಾತು. ಹಲವು ದಿನ ಯೋಚಿಸಿದೆ. ನೀನು ಬಂದರೆ ಬಾಗಿಲಲ್ಲೇ ಅಳುತ್ತೀಯ. ನೀನು ಅತ್ತರೆ ನಾನು ಎದ್ದು ಬಂದು ತಲೆ ಸವರುತ್ತೇನೆ, ಹೋಗಲಿ ಬಿಡು ಎನ್ನುತ್ತೇನೆ. ನನ್ನ ಸ್ವಭಾವ ನನಗೆ ಗೊತ್ತು, ಆಡದೆ ಇರಲಾರೆ. ಚಹಾ ಕುಡಿಯುತ್ತೀಯ, ಊಟ ಮಾಡುತ್ತೀಯ. ಸಂಜೆಯ ರೈಲಿಗೆ ಮನಸ್ಸು ಹಗುರ ಮಾಡಿಕೊಂಡು ಹತ್ತುತ್ತೀಯ. ಆಮೇಲೆ ನಾನು ಈ ಕೋಣೆಗೆ ಒಬ್ಬಳೇ ಮೆಟ್ಟಿಲು ಹತ್ತಿ ಬರಬೇಕು.

ಬರಬೇಡ ಪವಿ.

ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ಗುಲ್‌ಶನ್